ಗೋಡೆಯ ಹಿಂದಿನ ಇಪ್ಪತ್ತೆರಡು ಮನೆ

ನಕ್ಷೆಯಲ್ಲಿ ನೀರಿನ ಪೈಪು ಎಲ್ಲಿಗೆ ನಿಂತಿತ್ತೋ ಊರು ಕೂಡ ಅಲ್ಲಿಗೇ ನಿಂತುಬಿಟ್ಟಿತ್ತು. 1936ರಲ್ಲಿ ಚಿಂತಾಮಣಿಯ ಗಾಣದಪೇಟೆಗೆ ನಲ್ಲಿ ಹಾಕಿಸಲೆಂದು ಯಾರೋ ಪುಣ್ಯಾತ್ಮ ಕೂತು ಬರೆದ ನಕ್ಷೆ ಅದು. ಬರವಣಿಗೆ ಮುದ್ದಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಎಣ್ಣೆಗಾಣ ಏಳಕ್ಕೆ ಏಳೂ ಇದ್ದವು, ಛತ್ರ ಇತ್ತು, ಕುದುರೆಗಳಿಗೆ ನೀರು ಕುಡಿಸುವ ಕಲ್ಲಿನ ತೊಟ್ಟಿ ಇತ್ತು. ಒಂದು ಹುಣಸೆಮರಕ್ಕೂ ಸುತ್ತ ಗೆರೆ ಎಳೆದು ‘ಹುಣಸೆ’ ಎಂದು ಬರೆದಿದ್ದ. ಸೋಡಾ ಕಾರ್ಖಾನೆಯ ಹಿಂದೆ ಮಾತ್ರ ಬರಿ ಕಾಗದ. ಅಲ್ಲಿಗೆ ಪೈಪು ಹೋಗುವುದಿಲ್ಲ ಎಂದಮೇಲೆ ಅಲ್ಲಿ ಏನಿದೆ ಎಂದು ಇಣುಕಿ ನೋಡುವ ತೊಂದರೆಯನ್ನು ಅವನು ತೆಗೆದುಕೊಳ್ಳಲಿಲ್ಲ. ಹುಣಸೆಮರಕ್ಕೆ ಸಿಕ್ಕ ಮರ್ಯಾದೆ ಅಲ್ಲಿದ್ದ ಮನುಷ್ಯರಿಗೆ ಸಿಗಲಿಲ್ಲ.

ಆ ಬರಿ ಕಾಗದದ ನಟ್ಟನಡುವೆ ತನುಜಳ ಮನೆ. ಅರವತ್ತೊಂದು ಮನೆಗಳ ಆ ಜಾಗಕ್ಕೆ ಈಗ ಬೋರ್ಡಿನ ಮೇಲೆ ಏನೋ ಒಂದು ಚೆಂದದ ಹೆಸರಿದೆ. ಆಟೋದವರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ‘ಗೋಡೆಹಿಂದೆ’. ಯಾವ ಗೋಡೆ ಎಂದು ಕೇಳಿದರೆ ಹೊಸ ಹುಡುಗರು ತಲೆ ಕೆರೆದುಕೊಳ್ಳುತ್ತಾರೆ. ತನುಜಳಿಗೂ ಮೊನ್ನೆ ಮೊನ್ನೆಯವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಅವಳಿಗೆ ಮೂವತ್ತಾರು. ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಹತ್ತು ವರ್ಷ ಒಂದೇ ಮನೆಯಲ್ಲಿ ಉಳಿದವರನ್ನು ನಾವು ನೀವು ಅತಿಥಿ ಎನ್ನುವುದಿಲ್ಲ, ಆದರೆ ಕಾಲೇಜಿನವರ ಲೆಕ್ಕ ಬೇರೆ. ದಿನಾ ಬೆಳಿಗ್ಗೆ ಶಿಡ್ಲಘಟ್ಟದ ಮೇಲೆ ಹೋಗುವ ಬಸ್ಸು ಹತ್ತುತ್ತಾಳೆ. ಅಲ್ಲಿ ರೇಷ್ಮೆಗೂಡು ಬೇಯಿಸುವ ವಾಸನೆಗೆ ಹೊಸಬರು ಮೂಗು ಮುಚ್ಚಿಕೊಂಡರೆ ಅವಳು ಪರೀಕ್ಷೆಯ ಪೇಪರು ತಿದ್ದುತ್ತಾ ಕೂತಿರುತ್ತಾಳೆ. ಎಂಥ ನಾತಕ್ಕೂ ಒಗ್ಗಿಹೋಗಬಹುದು ಎಂದು ಅವಳು ತಿಳಿದಿದ್ದಳು.

ಮಾರ್ಚಿನಲ್ಲಿ ಆ ಬರಿ ಕಾಗದ ಎದ್ದು ಬಂದು ಕುತ್ತಿಗೆಗೆ ಕೈಹಾಕಿತು. ಅರವತ್ತೊಂದು ಮನೆಗೂ ತಾಲ್ಲೂಕು ಕಚೇರಿಯಿಂದ ಒಂದೊಂದು ನೋಟಿಸು. ಹಳೆಯ ನಕ್ಷೆಯ ಪ್ರಕಾರ ಈ ಜಾಗ ಖಾಲಿ ಇದ್ದದ್ದು, ನೀವು ಆಮೇಲೆ ಬಂದು ಸೇರಿಕೊಂಡಿರುವಂತೆ ಕಾಣುತ್ತದೆ, ಸ್ವಾತಂತ್ರ್ಯಕ್ಕೂ ಮೊದಲಿನಿಂದ ಇಲ್ಲೇ ಇದ್ದೀರಿ ಎನ್ನುವುದಕ್ಕೆ ಬರವಣಿಗೆಯ ಪುರಾವೆ ಇದ್ದರೆ ಅದರ ಮೂಲ ಪ್ರತಿ ಹಿಡಿದುಕೊಂಡು ಇಂಥ ದಿನ ವಿಚಾರಣೆಗೆ ಬನ್ನಿ. ಪುರಾವೆ ಇದ್ದರೆ ಇದ್ದ ಜಾಗಕ್ಕೇ ಹಕ್ಕುಪತ್ರ. ಇಲ್ಲದಿದ್ದರೆ ಊರಿಂದ ಆರು ಕಿಲೋಮೀಟರ್ ಆಚೆ, ಬಂಡೆಗಳ ಮಧ್ಯೆ, ಬೇರೆ ಸೈಟು.

ಕೇರಿಯ ಕಾಗದಪತ್ರವೆಲ್ಲ ಗಂಗರಾಜುವಿನ ಕೈಯಲ್ಲಿ. ಬಸ್ ಕಂಡಕ್ಟರಾಗಿ ನಿವೃತ್ತನಾದವನು, ತನುಜಳಿಗೆ ದೂರದಿಂದ ದೊಡ್ಡಪ್ಪನಾಗಬೇಕು. ಅವನು ಮನೆಮನೆ ತಿರುಗಿ ರೇಷನ್ ಕಾರ್ಡು, ಕರೆಂಟು ಬಿಲ್ಲು, ಯಾರದೋ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡು ಎಲ್ಲ ಗುಡ್ಡೆ ಹಾಕಿದ. ಅದರಲ್ಲೆಲ್ಲ ಹಳೆಯದೆಂದರೆ 1967ರ ಒಂದು ಮತದಾರರ ಪಟ್ಟಿ. ಅದಕ್ಕೂ ಹಿಂದೆ ಏನೂ ಇಲ್ಲ. ಇರುವುದು ಹೇಗೆ ಸಾಧ್ಯ?

“ನಮಗೆ ಅಕ್ಷರ ಮುಟ್ಟಿಸದೆ ಇಟ್ಟೋರು ಇವಾಗ ಬರೆದಿರೋದು ತೋರ್ಸು ಅಂತಾವ್ರೆ,” ಎಂದು ಗಂಗರಾಜು ಆ ಗುಡ್ಡೆಯ ಮುಂದೆ ಕೂತು ಹೇಳಿದ. ಸಿಟ್ಟಿನಿಂದ ಕೂಡ ಅಲ್ಲ, ಟಿಕೆಟ್ಟಿಗೆ ಚಿಲ್ಲರೆ ಇಲ್ಲ ಎನ್ನುವ ಹಾಗೆ.

ತನುಜಳ ಅಮ್ಮ ಆದಿಲಕ್ಷ್ಮಮ್ಮನಿಗೆ ಎಪ್ಪತ್ತಮೂರು. ಮೊಣಕಾಲು ಹಿಡಿದುಕೊಂಡಿದ್ದರೂ ಬಾಯಿ ಗಟ್ಟಿ. ಮನೆ ಇರುವುದು ಅವಳ ಹೆಸರಿನಲ್ಲಿ. ಆರು ಕಿಲೋಮೀಟರ್ ಎಂದರೆ ಎಷ್ಟು ಎಂದು ಅವಳು ಒಮ್ಮೆ ಕೇಳಿದಳು. ಕೈವಾರದ ದಾರಿಯಲ್ಲಿ ಅರ್ಧ ಎಂದಳು ತನುಜ. ಅಮ್ಮ ಮತ್ತೆ ಕೇಳಲಿಲ್ಲ. ಆಸ್ಪತ್ರೆ, ಸಂತೆ, ಅವಳ ಓರಗೆಯ ನಾಲ್ಕು ಮುದುಕಿಯರು, ಎಲ್ಲ ಇರುವುದು ಅವಳು ಕುಂಟಿಕೊಂಡು ಹೋಗಬಲ್ಲ ದೂರದಲ್ಲೇ. ಬಂಡೆಗಳ ಮಧ್ಯೆ ಹೋಗಿ ಕೂತರೆ ಆ ಹೆಂಗಸು ಎರಡು ವರ್ಷ ಬದುಕುವುದಿಲ್ಲ ಎಂದು ತನುಜಳಿಗೆ ಗೊತ್ತಿತ್ತು.

ಇದರ ಜೊತೆಜೊತೆಗೇ ಇನ್ನೊಂದು ಕೆಲಸ ನಡೆದಿತ್ತು. ಗಾಣದಪೇಟೆಯ ಚಂದ್ರಕಾಂತಿ ಸೋಡಾ ಕಾರ್ಖಾನೆಗೆ ನೂರು ವರ್ಷ. ಕಾರ್ಖಾನೆ ಮುಚ್ಚಿ ನಲವತ್ತು ವರ್ಷವಾಗಿ, ಅದಿದ್ದ ಜಾಗದಲ್ಲಿ ಕಲ್ಯಾಣ ಮಂಟಪ ಎದ್ದಿದ್ದರೂ, ನೂರು ಎಂದರೆ ನೂರೇ ತಾನೇ. ಕಾರ್ಖಾನೆ ಕಟ್ಟಿದ ಚೆನ್ನರಾಯಪ್ಪನ ಮೊಮ್ಮಗ ಚನ್ನಕೇಶವ, ಈಗ ಕ್ಯಾನಿನಲ್ಲಿ ಕುಡಿಯುವ ನೀರು ಮಾರುವವರು, ಒಂದು ದಪ್ಪ ಪುಸ್ತಕ ಮಾಡಿಸಲು ಹೊರಟಿದ್ದರು. ಹಳೆಯ ನಕ್ಷೆ, ಹಳೆಯ ಜಾಹೀರಾತುಗಳ ಮೂಲಕ ಪೇಟೆಯ ಕಥೆ. ತಾತ ಕಾಗದ ಎಸೆಯದ ಮನುಷ್ಯ, ಮನೆಯಲ್ಲಿ ಎರಡು ಪೆಟ್ಟಿಗೆ ತುಂಬ ಇದ್ದವು. ಬರೆಯುವವರು ಬೇಕಾಗಿತ್ತು. ಯಾರೋ ತನುಜಳ ಹೆಸರು ಹೇಳಿದರು.

ಅವರು ಅವಳನ್ನು ಯಾವ ಊರಿನವರು ಎಂದು ಕೇಳಿದರು. ಚಿಕ್ಕಬಳ್ಳಾಪುರದಲ್ಲಿ ಕೆಲಸ ಎಂದಳು. ಅವರು ತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡರು. ಸುಳ್ಳು ಹೇಳಲಿಲ್ಲ, ಆದರೆ ನಿಜ ಹೇಳಿದಾಗ ಎದುರಿನವರ ಮುಖ ಬದಲಾಗುವುದನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಹಳೆಯ ಕಾಗದ ಕಂಡರೆ ಅವಳಿಗೆ ಆಸೆ, ಅದೂ ನಿಜ. ಬೆಂಗಳೂರು ರಸ್ತೆಯ ಅವರ ಹೊಸ ಮನೆಗೆ ಭಾನುವಾರ ಭಾನುವಾರ ಹೋದಳು. ಚನ್ನಕೇಶವರ ಹೆಂಡತಿ ರಾಮಲಕ್ಷ್ಮಮ್ಮ ಹಿತ್ತಾಳೆ ಲೋಟದಲ್ಲಿ ನೊರೆ ಬರುವ ಕಾಫಿ ತಂದಿಡುವರು. ತನುಜ ಜಾಹೀರಾತು ಓದುತ್ತಾ ಒಬ್ಬಳೇ ನಗುವಳು. ಮುದುಕರನ್ನು ಹದಿನೆಂಟು ದಿನದಲ್ಲಿ ಯುವಕರನ್ನಾಗಿಸುವ ಲೇಹ್ಯ. ಯುದ್ಧದ ಕಾಲದಲ್ಲಿ ಇದ್ದಲಿನ ಹೊಗೆಯಿಂದ ಓಡುತ್ತಿದ್ದ ಬಸ್ಸು, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳತಕ್ಕದ್ದು ಎಂಬ ಷರತ್ತಿನೊಂದಿಗೆ. ಡೇರೆ ಸಿನಿಮಾದವರ ಕರಪತ್ರದಲ್ಲಿ, ನೆಲಕ್ಕೆ ಒಂದೂವರೆ ಆಣೆ, ಉಗುಳಬಾರದು. ಒಂದೊಂದು ಕಾಗದ ತೆಗೆದಾಗಲೂ ಪೇಟೆಯ ಒಂದು ಮೂಲೆ ಜೀವ ತಳೆದು ಗಲಗಲ ಎನ್ನುತ್ತಿತ್ತು. ತನ್ನ ಕೇರಿಯ ಸುದ್ದಿ ಎಲ್ಲಾದರೂ ಒಂದು ಮಾತು ಸಿಕ್ಕೀತೇ ಎಂದು ಹುಡುಕಿದಳು. ಕಸ ಗುಡಿಸಿದವರು, ಹೊರೆ ಹೊತ್ತವರು, ಸತ್ತ ದನ ಎಳೆದವರು, ಇಷ್ಟು ಜನ ಪೇಟೆಯ ಬೆನ್ನಿಗೇ ಇದ್ದರು. ಎರಡು ಪೆಟ್ಟಿಗೆ ಕಾಗದದಲ್ಲಿ ಅವರು ಇಲ್ಲ.

ವಿಚಾರಣೆಗೆ ಒಂಬತ್ತು ದಿನ ಉಳಿದಿತ್ತು. ಚನ್ನಕೇಶವ ಪುಸ್ತಕದ ಮೊದಲ ಪುಟಕ್ಕೆ ಹಾಕಬೇಕಾದ ಚಿತ್ರವನ್ನು ಅವಳ ಫೋನಿಗೆ ಕಳಿಸಿದರು. ಅವರ ತಾತನ ಕಾರ್ಖಾನೆಯದೇ ಕರಪತ್ರ. ಮೇಲೆ ಗೋಲಿ ಸೋಡಾ ಬಾಟಲಿನ ಚಿತ್ರ, ಕೆಳಗೆ ‘ಮಹಾಜನರ ಗಮನಕ್ಕೆ’ ಎಂಬ ತಲೆಬರಹ, ಶುಂಠಿ ಸೋಡಾ, ನಿಂಬೆ ಪಾನಕ, ಮೂರಾವರ್ತಿ ಶೋಧಿಸಿದ ಬಾವಿಯ ನೀರು. ಅಲ್ಲಿಗೆ ನಿಂತಿತ್ತು. ಹಳೆಯ ಕರಪತ್ರ ಹಾಗೆ ನಿಲ್ಲುವುದಿಲ್ಲ. ತಳದಲ್ಲಿ ಅಚ್ಚು ಹಾಕಿದ ಪ್ರೆಸ್ಸಿನ ಹೆಸರು, ತಾರೀಖು, ಎಷ್ಟು ಪ್ರತಿ ಎಂಬುದು ಇರಲೇಬೇಕು. ತನುಜ ಚಿತ್ರವನ್ನು ಹಿಗ್ಗಿಸಿ ನೋಡಿದಳು. ಕೊನೆಯ ಅಂಚಿನಲ್ಲಿ ಒಂದು ಸಾಲಿನ ಅಕ್ಷರಗಳ ತಲೆಗಳು ಮಾತ್ರ ಉಳಿದಿದ್ದವು, ಕತ್ತು ಕೊಯ್ದ ಹಾಗೆ.

ತಾರೀಖು ಬೇಕು, ಮೂಲ ನೋಡಬೇಕು ಎಂದು ಅವಳು ಮಾರನೆಯ ದಿನವೇ ಹೋದಳು. ಚನ್ನಕೇಶವರು ದೇವರಕೋಣೆಯಲ್ಲಿದ್ದರು. ರಾಮಲಕ್ಷ್ಮಮ್ಮ ಪೆಟ್ಟಿಗೆ ತೋರಿಸಿ ಒಳಗೆ ಹೋದರು. ಕರಪತ್ರ ಮೇಲೆಯೇ ಇತ್ತು. ತಿಳಿ ಗುಲಾಬಿ ಕಾಗದ, ಮಡಿಕೆಯಲ್ಲಿ ಹರಿಯುವ ಹಾಗಿದ್ದರೂ ಅಕ್ಷರ ಸ್ಪಷ್ಟ. ತಳದಲ್ಲಿ ತಾರೀಖು: 14-4-1933, ಪ್ರತಿ 500. ಅದರ ಮೇಲಿನ ಸಾಲನ್ನು ಅವಳು ಓದಿದಳು.

‘ಕಾರ್ಖಾನೆಯ ಹಿಂಭಾಗದಲ್ಲಿ ಬಹುಕಾಲದಿಂದ ನೆಲೆಸಿರುವ ಇಪ್ಪತ್ತೆರಡು ಮನೆಗಳ ಕೇರಿಯವರ ನೆರಳಾಗಲೀ ಉಸಿರಾಗಲೀ ನಮ್ಮ ನೀರಿಗೆ ಸೋಕದಂತೆ ಒಂಬತ್ತು ಅಡಿ ಎತ್ತರದ ಕಲ್ಲುಗೋಡೆಯನ್ನು ಕಟ್ಟಿಸಿರುವುದರಿಂದ ಮಹಾಜನರು ನಿಶ್ಶಂಕೆಯಿಂದ ಸೇವಿಸಬಹುದು.’

ತನುಜ ಆ ಸಾಲಿನ ಕೆಳಗೆ ಬೆರಳಿಟ್ಟು ಇನ್ನೊಮ್ಮೆ ಓದಿದಳು. ಇಂಥದ್ದು ಪುಸ್ತಕದಲ್ಲಿ ಓದಿದ್ದಳು, ಪಾಠ ಮಾಡಿದ್ದಳು, ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆ ಕೊಟ್ಟಿದ್ದಳು. ಆದರೆ ಇದು ಅವಳ ಅಜ್ಜಿಯ ಉಸಿರು. ಅದನ್ನು ಹೇಸಿಗೆ ಎಂದು ಅಚ್ಚು ಹಾಕಿಸಿ, ಐನೂರು ಪ್ರತಿ ಮಾಡಿಸಿ, ಯುಗಾದಿ ಕಳೆದ ಸಂತೆಯಲ್ಲಿ ಹಂಚಿದ್ದಾರೆ, ನಿಂಬೆ ಪಾನಕ ಖರ್ಚಾಗಲಿ ಎಂದು. ಥೂ ಎಂದಿತು ಅವಳ ಮನಸ್ಸು. ಆಮೇಲೆ ಅದೇ ಮನಸ್ಸು, ಮೈ ಉರಿಯುತ್ತಿರುವಾಗಲೇ, ಇನ್ನೊಂದು ಲೆಕ್ಕ ಹಾಕಿತು. 1933. ನಕ್ಷೆಗಿಂತ ಮೂರು ವರ್ಷ ಮೊದಲು. ಬಹುಕಾಲದಿಂದ ನೆಲೆಸಿರುವ. ಇಪ್ಪತ್ತೆರಡು ಮನೆ, ಅವೇ ಕವಲೊಡೆದು ಈಗಿನ ಅರವತ್ತೊಂದು. ಆ ಚೆನ್ನರಾಯಪ್ಪ ತನ್ನ ಮಡಿಯ ಜಂಬದಲ್ಲಿ ಮನೆ ಎಣಿಸಿ ಬರೆದಿಟ್ಟು ಹೋಗಿದ್ದ. ಲೋಕದಲ್ಲಿ ಅವರು ಅಲ್ಲಿದ್ದರು ಎಂದು ಹೇಳುವ ಒಂದೇ ಒಂದು ಕಾಗದ ಇದು, ಇದರಷ್ಟು ಹೊಲಸು ಕಾಗದ ಅವಳು ಇನ್ನೊಂದು ನೋಡಿರಲಿಲ್ಲ. ಅದನ್ನು ಎದೆಗೆ ಅವಚಿಕೊಳ್ಳಬೇಕು ಅನ್ನಿಸಿತು, ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಯಿತು.

ಚನ್ನಕೇಶವರು ವಿಭೂತಿ ಹಚ್ಚಿಕೊಂಡು ಬಂದು ಕೂತರು. ಆ ಸಾಲು ಬೇಡ ಮೇಡಂ ಎಂದು ನಕ್ಕರು, ಅದಕ್ಕೇ ಕತ್ತರಿಸಿ ಕಳಿಸಿದ್ದು, ಆಗಿನ ಕಾಲ ಹಾಗಿತ್ತು, ಈಗ ಯಾರಾದರೂ ನೋಡಿದರೆ ತಪ್ಪು ತಿಳಿದುಕೊಳ್ಳುತ್ತಾರೆ. ತಪ್ಪು ತಿಳಿಯಲು ಅದರಲ್ಲಿ ಏನು ಬಾಕಿ ಇದೆಯೋ ದೇವರಿಗೇ ಗೊತ್ತು. ತನುಜ ಸುತ್ತಿಬಳಸಲಿಲ್ಲ. ತನಗೆ ಈ ಮೂಲ ಪ್ರತಿ ಬೇಕು, ವಿಚಾರಣೆಗೆ ಒಪ್ಪಿಸಬೇಕು, ಆ ಇಪ್ಪತ್ತೆರಡು ಮನೆಗಳಲ್ಲಿ ಒಂದು ನಮ್ಮದು ಎಂದಳು.

ಅವರ ಮುಖ ಬದಲಾಯಿತು. ಅವಳು ನಿರೀಕ್ಷಿಸಿದ್ದಷ್ಟೇ, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಒಳಗಿನಿಂದ ಹಿತ್ತಾಳೆ ಲೋಟ ಹಿಡಿದು ಬರುತ್ತಿದ್ದ ರಾಮಲಕ್ಷ್ಮಮ್ಮನವರನ್ನು ಅವರು ಕೈಸನ್ನೆಯಲ್ಲಿ ತಡೆದು ಏನೋ ಹೇಳಿದರು. ಐದು ನಿಮಿಷಕ್ಕೆ ಕಾಫಿ ಬಂತು, ಎರಡು ಪೇಪರ್ ಕಪ್ಪಿನಲ್ಲಿ. ಒಂದು ಅವಳಿಗೆ, ಒಂದು ಅವರಿಗೆ. ಕೊರೊನಾ ಆದಮೇಲೆ ನಮ್ಮನೆಯಲ್ಲಿ ಎಲ್ಲರಿಗೂ ಇದೇ ಎಂದು ಅವರೇ ಮೊದಲು ಒಂದು ಗುಟುಕು ಕುಡಿದು ತೋರಿಸಿದರು. ಹೋದ ಭಾನುವಾರ ಕೊರೊನಾ ಇರಲಿಲ್ಲವೇ ಎಂದು ಅವಳು ಕೇಳಲಿಲ್ಲ. ಆ ಮನುಷ್ಯ ತನಗಾಗಿ ಪೇಪರ್ ಕಪ್ಪಿನಲ್ಲಿ ಕಾಫಿ ಕುಡಿಯುವ ನಾಟಕ ನೋಡಿ ಅವಳಿಗೆ ಗೋಡೆಯೇ ವಾಸಿ ಎನ್ನಿಸಿತು.

ಮೊದಲು ಆಗುವುದಿಲ್ಲ ಎಂದರು. ಅದು ಮನೆತನದ ಕಾಗದ, ತಾತನ ಹೆಸರಿಗೆ ಮಸಿ. ಆಮೇಲೆ ಯೋಚಿಸಿದರು. ಯೋಚಿಸುತ್ತಿದ್ದ ಹಾಗೆ ಅವರ ಮುಖ ನಿಧಾನಕ್ಕೆ ಅರಳಿತು.

“ಫೈಲಲ್ಲಿ ಇಟ್ರೆ ಅದನ್ನ ಯಾರಮ್ಮ ಓದ್ತಾರೆ? ಪುಸ್ತಕ ತಾನೇ ಜನ ನೋಡೋದು,” ಎಂದರು. “ಕಾಗದ ನೀನು ತಗೊಂಡೋಗು. ಪುಸ್ತಕದಲ್ಲಿ ಒಂದು ಮಾತು ಬರೆದುಕೊಡು. ಮೇಲುಕೀಳು ನೋಡ್ದೆ ಇಡೀ ಊರಿಗೆ ನೀರು ಕೊಟ್ಟ ಕಾರ್ಖಾನೆ ಅಂತ. ಕೆಳಗೆ ನಿನ್ನ ಹೆಸರು, ನಿಮ್ಮ ಜಾಗದ ಹೆಸರು ಹಾಕು. ನಿಮ್ಮೋರೇ ಹೇಳ್ದಂಗಾಯ್ತದೆ.”

ಅರ್ಧ ಗಂಟೆ ಹಿಂದೆ ಅವಳು ಮೇಡಂ ಆಗಿದ್ದಳು, ನೀವು ಆಗಿದ್ದಳು. ಈಗ ನೀನು. ಅದಕ್ಕಿಂತ ಹೇಸಿಗೆಯೆನಿಸಿದ್ದು ಅವರ ಸಂತೋಷ. ಅವಳು ಯಾರೆಂದು ತಿಳಿದ ಮೇಲೆ ಅವಳ ಬೆಲೆ ಇಳಿದಿರಲಿಲ್ಲ, ಏರಿತ್ತು. ಬೇರೆ ಯಾರು ಬರೆದರೂ ಅದು ಹೊಗಳಿಕೆ, ಗೋಡೆಯ ಹಿಂದಿನವಳು ಬರೆದರೆ ಅದು ಸರ್ಟಿಫಿಕೇಟು.

ಎದ್ದು ಹೋಗಬಹುದಾಗಿತ್ತು. ಕಥೆಗಳಲ್ಲಿ ಜನ ಎದ್ದು ಹೋಗುತ್ತಾರೆ. ತನುಜಳ ಕಣ್ಣ ಮುಂದೆ ಬಂಡೆಗಳ ಮಧ್ಯದ ಸೈಟು ಬಂತು, ಆರು ಕಿಲೋಮೀಟರ್ ಎಂದರೆ ಎಷ್ಟು ಎಂದು ಕೇಳಿ ಸುಮ್ಮನಾದ ಅಮ್ಮ ಬಂದಳು. ಅವರ ಲ್ಯಾಪ್‌ಟಾಪನ್ನು ತನ್ನ ಕಡೆಗೆ ಎಳೆದುಕೊಂಡಳು. ‘ಮೇಲು ಕೀಳೆಂಬ ಭೇದವೆಣಿಸದೆ ಇಡೀ ಊರಿನ ದಾಹ ತಣಿಸಿದ ಕೀರ್ತಿ ಚಂದ್ರಕಾಂತಿಗೆ ಸಲ್ಲುತ್ತದೆ’ ಎಂದು ಟೈಪು ಮಾಡಿದಳು. ‘ಸಲ್ಲಬೇಕು’ ಎಂದರೆ ಇನ್ನೂ ಚೆನ್ನ ಎಂದರು ಅವರು. ತಿದ್ದಿದಳು. ಹೆಸರು ಹಾಕಿದಳು. ಅವರು ಗುಲಾಬಿ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಟೀಪಾಯಿಯ ಮೇಲೆ ಅವಳ ಕಡೆಗೆ ಸರಿಸಿದರು. ಕೈಗೆ ಕೊಡಲಿಲ್ಲ.

ಮನೆಗೆ ಬಂದು ಅಮ್ಮನಿಗೂ ಗಂಗರಾಜುವಿಗೂ ಕಾಗದ ಸಿಕ್ಕಿತು ಎಂದಷ್ಟೇ ಹೇಳಿದಳು. ಹೇಗೆ ಸಿಕ್ಕಿತು ಎಂದು ಹೇಳಲಿಲ್ಲ. ಏನು ಬರೆದಿದ್ದಾರೆ ಎಂದು ಅಮ್ಮ ಕೇಳಿದ್ದಕ್ಕೆ, ಸೋಡಾ ಕಾರ್ಖಾನೆಯ ಹಿಂದೆ ಬಹಳ ಕಾಲದಿಂದ ಇಪ್ಪತ್ತೆರಡು ಮನೆ ಇವೆ, ನಡುವೆ ಗೋಡೆ ಇದೆ ಎಂದು ಬರೆದಿದ್ದಾರೆ ಎಂದಳು. ಗಂಗರಾಜು ಕಾಗದ ಇಸಿದುಕೊಂಡು ಕನ್ನಡಕ ಏರಿಸಿ ಓದಿದ. ಓದಿ ಮುಗಿಸಿ ಕನ್ನಡಕ ತೆಗೆದು, ತನುಜಳ ಮುಖ ನೋಡಿ, ತಾನೂ ಬಾಯಿ ಬಿಡದೆ ಕಾಗದ ಹಿಂದಕ್ಕೆ ಕೊಟ್ಟ.

ಗೋಡೆ ಎಂದಮೇಲೆ ಅಮ್ಮನಿಗೆ ಗೋಡೆ ನೆನಪಾಯಿತು. ಮದುವೆಯಾಗಿ ಬಂದ ಹೊಸತರಲ್ಲಿ ಅದು ಇನ್ನೂ ಗಟ್ಟಿಯಾಗಿತ್ತಂತೆ. ಅತ್ತೆಯ ಜೊತೆ ಅವಳೂ ದಿನಾ ಗೋಡೆಯ ಬುಡಕ್ಕೆ ಹೋಗಿ ಕೂರುತ್ತಿದ್ದಳಂತೆ. ತನುಜ ಈ ಮಾತು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

“ಕೆಳಗಡೆ ಒಂದು ತೂತಿತ್ತು,” ಎಂದಳು ಆದಿಲಕ್ಷ್ಮಮ್ಮ. “ಖಾಲಿ ಬಾಟ್ಲು ಆ ತೂತಲ್ಲಿ ಈಚೆಗೆ ತಳ್ಳೋರು. ನಾವು ಬೂದಿ ಹಾಕಿ ತೊಳ್ದು ಆ ತೂತಲ್ಲೇ ಆಚೆಗೆ ಕೊಡೋದು. ದಿನಕ್ಕೆ ಇನ್ನೂರು, ಮುನ್ನೂರು. ನಮ್ಮತ್ತೆ ಕಾಲದಿಂದ್ಲೂ ಅಷ್ಟೇ. ಇಡೀ ಪೇಟೆ ಕುಡಿದಿದ್ದು ನಾವು ತೊಳ್ದ ಬಾಟ್ಲಲ್ಲೇ ಕಣಮ್ಮ.”

ಹೇಳಿ ನಕ್ಕುಬಿಟ್ಟಳು. ತನುಜಳಿಗೆ ನಗು ಬರಲಿಲ್ಲ. ಉಸಿರು ಸೋಕಬಾರದು, ಕೈ ಸೋಕಬಹುದು, ಯಾರಿಗೂ ಕಾಣದ ಹಾಗೆ, ನಾಯಿ ತೂರುವಷ್ಟು ತೂತಿನಲ್ಲಿ. ನಿಶ್ಶಂಕೆಯಿಂದ ಸೇವಿಸಬಹುದು! ಆ ಮಹಾಜನರ ಮಡಿಯೂ ಸುಳ್ಳು, ಅದನ್ನು ಹೇಳಿದ ಜಾಹೀರಾತೂ ಸುಳ್ಳು, ಅದನ್ನು ಮುಚ್ಚಲು ತಾನು ಬರೆದುಕೊಟ್ಟದ್ದು ಇನ್ನೊಂದು ಸುಳ್ಳು. ಮೂರರ ಪೈಕಿ ಯಾವುದು ಹೆಚ್ಚು ನಾರುತ್ತದೆ ಎಂದು ಅವಳು ಆ ಸಂಜೆಯಿಡೀ ಯೋಚಿಸಿದಳು.

ವಿಚಾರಣೆಯ ದಿನ ಕೇರಿಗೆ ಕೇರಿಯೇ ಹೋಗಿ ತಾಲ್ಲೂಕು ಕಚೇರಿಯ ಹಾಲಿನಲ್ಲಿ ಕೂತಿತು. ಅಧಿಕಾರಿ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. 1936ರ ನಕ್ಷೆಯನ್ನು ಮೇಜಿನ ಮೇಲೆ ಹರವಿಕೊಂಡಿದ್ದರು. ತನುಜ ಎದ್ದು ನಿಂತು, ಇದು ಪೈಪಿನ ನಕ್ಷೆ, ಮನೆಗಳ ನಕ್ಷೆಯಲ್ಲ, ಪೈಪು ಹೋಗದ ಕಡೆ ಬರೆದವನು ಏನನ್ನೂ ಬರೆದಿಲ್ಲ ಎಂದು ವಿವರಿಸಿ, ಕರಪತ್ರ ಕೊಟ್ಟಳು. ಅಧಿಕಾರಿ ಅದನ್ನು ಹಿಂದೆ ಮುಂದೆ ತಿರುಗಿಸಿದರು, ಬೆಳಕಿಗೆ ಹಿಡಿದರು, ತಾರೀಖು ನೋಡಿದರು. ದಾಖಲೆಗೆ ಹೋಗಬೇಕಲ್ಲ ಎಂದು ಗುಮಾಸ್ತನಿಗೆ ಬರೆದುಕೊಳ್ಳಲು ಹೇಳಿ, ಮೊದಲಿನಿಂದ ಗಟ್ಟಿಯಾಗಿ ಓದಿದರು. ಶುಂಠಿ ಸೋಡಾ, ನಿಂಬೆ ಪಾನಕ ಎಂದಾಗ ಹಿಂದೆ ಕೂತ ಮಕ್ಕಳು ಕಿಸಕ್ಕೆಂದವು. ಕೊನೆಯ ಸಾಲಿಗೆ ಬಂದಾಗ ಅಧಿಕಾರಿಯ ದನಿ ಒಂದು ಕ್ಷಣ ತಡವರಿಸಿತು, ಆದರೆ ಗುಮಾಸ್ತ ಪೆನ್ನು ಹಿಡಿದು ಕಾಯುತ್ತಿದ್ದ. ಅವರು ಪೂರ್ತಿ ಓದಿದರು. ನೆರಳಾಗಲೀ ಉಸಿರಾಗಲೀ. ಗುಮಾಸ್ತ ಇನ್ನೊಮ್ಮೆ ಹೇಳಿ ಎಂದ. ಇನ್ನೊಮ್ಮೆ ಓದಿದರು.

ತನುಜ ತಿರುಗಿ ಅಮ್ಮನನ್ನು ನೋಡಿದಳು. ಆದಿಲಕ್ಷ್ಮಮ್ಮ ತಲೆಯೆತ್ತಿ ಫ್ಯಾನು ನೋಡುತ್ತಾ ಕೂತಿದ್ದಳು. ಮನೆಗೆ ಬರುವಾಗ ಆಟೋದಲ್ಲಿ ಅವಳು ಆ ಸುದ್ದಿ ಎತ್ತಲಿಲ್ಲ. ಸೊಪ್ಪು ತಗೋಬೇಕಿತ್ತು, ಮರೆತೆ ಎಂದಳು.

ಮೂರು ವಾರಕ್ಕೆ ಪುಸ್ತಕ ಬಿಡುಗಡೆ, ಅದೇ ಕಲ್ಯಾಣ ಮಂಟಪದಲ್ಲಿ. ತನುಜ ಹೋಗುವುದಿಲ್ಲ ಎಂದುಕೊಂಡಿದ್ದಳು. ಆದೇಶ ಇನ್ನೂ ಹೊರಬಿದ್ದಿರಲಿಲ್ಲ, ಊರಲ್ಲಿ ಕೈಯಾಡಿಸಬಲ್ಲ ಮನುಷ್ಯನನ್ನು ಎದುರುಹಾಕಿಕೊಳ್ಳುವುದು ಬೇಡ ಎಂದು ಹೋದಳು. ಹಣ್ಣಿನ ಬುಟ್ಟಿ, ಪೇಟ, ಶಾಲು. ಚನ್ನಕೇಶವರು ಮೈಕು ಹಿಡಿದು ಅವಳು ಬರೆದ ಆ ವಾಕ್ಯ ಓದಿದರು. ಇದನ್ನು ಹೇಳುತ್ತಿರುವುದು ನಾವಲ್ಲ ಸ್ವಾಮಿ, ಗೋಡೆಹಿಂದೆಯ ಹೆಣ್ಣುಮಗಳು ಎಂದು ಅವಳತ್ತ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ಒಬ್ಬ ಹಿರಿಯರು ಕಣ್ಣು ಕೂಡ ಒರೆಸಿಕೊಂಡರು. ತಮ್ಮ ದೊಡ್ಡತನಕ್ಕೆ ತಾವೇ ಕರಗಿಹೋಗುವ ಜನ ಎಲ್ಲ ಊರಲ್ಲೂ ಇರುತ್ತಾರೆ. ತನುಜ ಶಾಲು ಹೊದ್ದು ಕೂತು ನಕ್ಕಳು, ಫೋಟೋಗೆ ನಗಬೇಕಾಗಿತ್ತು. ಊಟಕ್ಕೆ ಎಲೆ ಹಾಕಿದ್ದರು. ಮೊದಲ ತುತ್ತನ್ನು ಎಲೆಯಲ್ಲೇ ಬಿಟ್ಟಳು. ಎದ್ದು ಕೈ ತೊಳೆಯಲು ಹಿಂಬದಿಗೆ ಹೋದಳು. ನಲ್ಲಿಯ ಸಾಲಿನ ಪಕ್ಕ ಒಂದು ಮೂರಡಿ ಎತ್ತರದ ಹಳೆಯ ಕಲ್ಲುಕಟ್ಟು, ಅದರ ಮೇಲೆ ಎಂಜಲೆಲೆಯ ರಾಶಿ. ಗೋಡೆಯ ಉಳಿಕೆ ಇರಬೇಕು. ಅವಳು ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು. ಶಾಲಿನ ತುದಿಯಲ್ಲಿ ಬಾಯಿ ಒರೆಸಿ, ಮತ್ತೆ ಒಳಗೆ ಹೋಗದೆ ನಡೆದುಕೊಂಡೇ ಮನೆಗೆ ಬಂದಳು.

ಪುಸ್ತಕವನ್ನು ಬೀರುವಿನಲ್ಲಿ ಬಟ್ಟೆಯ ಅಡಿ ಇಟ್ಟಳು. ಊರಲ್ಲಿ ಎಲ್ಲರ ಮನೆಗೂ ಹಂಚಿದ್ದನ್ನು ಒಂದು ಬೀರುವಿನಲ್ಲಿ ಬಚ್ಚಿಟ್ಟರೆ ಏನು ಬಂತು. ಗಂಗರಾಜುವಿಗೆ ಎಲ್ಲೋ ಒಂದು ಪ್ರತಿ ಸಿಕ್ಕಿತ್ತು. ಅವನು ಎರಡು ದಿನ ಅವಳ ಎದುರು ಸಿಕ್ಕಾಗ ಚೆನ್ನಾಗಿದ್ದೀಯೇನಮ್ಮ ಎಂದು ಮಾತ್ರ ಕೇಳಿ ಮುಂದೆ ಹೋದ. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು.

ಜುಲೈ ಎರಡನೆಯ ವಾರ ಆದೇಶ ಬಂತು. ಅರವತ್ತೊಂದು ಮನೆಗೂ ಇದ್ದಲ್ಲೇ ಹಕ್ಕುಪತ್ರ. ಕೇರಿಯಲ್ಲಿ ಪಟಾಕಿ ಹೊಡೆದರು, ಗಂಗರಾಜು ಯಾರ ಕೈಯಲ್ಲೋ ಸಿಹಿ ತರಿಸಿ ಹಂಚಿದ. ಮನೆಗೊಂದು ಆದೇಶದ ಪ್ರತಿ, ಸೀಲು ಹಾಕಿದ್ದು, ನಾಲ್ಕು ಪುಟ. ಹಕ್ಕುಪತ್ರದ ಜೊತೆ ಇದನ್ನೂ ಜೋಪಾನವಾಗಿ ಇಟ್ಟುಕೊಳ್ಳಿ, ನಾಳೆ ಬ್ಯಾಂಕಿಗೂ ಕೋರ್ಟಿಗೂ ಇದೇ ಆಧಾರ ಎಂದು ಆಫೀಸಿನವರು ಹೇಳಿ ಕೊಟ್ಟಿದ್ದರು.

ತನುಜ ಬಾಗಿಲಲ್ಲೇ ನಿಂತು ತಿರುವಿದಳು. ಎರಡನೆಯ ಪುಟ. ಸದರಿ ನಿವಾಸಿಗಳು ದಿನಾಂಕ 14-4-1933ಕ್ಕೂ ಪೂರ್ವದಿಂದ ವಾಸವಿರುವುದು ಈ ಕೆಳಕಂಡ ಮುದ್ರಿತ ದಾಖಲೆಯಿಂದ ರುಜುವಾತಾಗಿರುತ್ತದೆ. ಅದರ ಕೆಳಗೆ, ಉದ್ಧರಣ ಚಿಹ್ನೆಯೊಳಗೆ, ಪೂರ್ತಿ ಆ ಸಾಲು. ಅರವತ್ತೊಂದು ಮನೆಯ ಪೆಟ್ಟಿಗೆಯಲ್ಲಿ, ಬೀರುವಿನಲ್ಲಿ, ಬುದ್ಧನ ಫೋಟೋದ ಹಿಂದೆ, ಇನ್ನು ಮೇಲೆ ಅದು ಇರುತ್ತದೆ. ಮಕ್ಕಳು, ಮೊಮ್ಮಕ್ಕಳು ಸಾಲಕ್ಕೆ ಹೋದಾಗ, ಪಾಲು ಮಾಡಿಕೊಳ್ಳುವಾಗ ಅದನ್ನು ತೆಗೆದು ಇನ್ನೊಬ್ಬರ ಮೇಜಿನ ಮೇಲೆ ಇಡಬೇಕು. ಆಗ ಐನೂರು ಪ್ರತಿ, ಈಗ ಇನ್ನೂ ಅರವತ್ತೊಂದು. ಹೊರಗೆ ಪಟಾಕಿ ಸಿಡಿಯುತ್ತಿತ್ತು, ಅವಳು ಪುಟ ಮಡಚಿ ಒಳಗೆ ಬಂದಳು.

ಅಮ್ಮ ಮಂಚದ ಮೇಲೆ ಕಾಲು ನೀಡಿ ಕೂತು, ನನ್ನ ಹೆಸರಿಗೆ ಬಂದ ಕಾಗದ ಅಲ್ಲವೇ, ಓದು ಕೇಳೋಣ ಎಂದಳು. ಅವಳಿಗೆ ಓದು ಬಾರದು. ತನುಜ ಕುರ್ಚಿ ಎಳೆದುಕೊಂಡು ಕೂತು ಮೊದಲಿನಿಂದ ಶುರುಮಾಡಿದಳು. ಸರ್ವೆ ನಂಬರು, ಚೆಕ್ಕುಬಂದಿ, ಕೊಂಡಪ್ಪನವರ ಹೆಂಡತಿ ಆದಿಲಕ್ಷ್ಮಮ್ಮ ಎಂಬಲ್ಲಿ ಅಮ್ಮ ಹೂಂ ಎಂದಳು. ಎರಡನೆಯ ಪುಟ ಬಂತು. ದಾಖಲೆಯಿಂದ ರುಜುವಾತಾಗಿರುತ್ತದೆ ಎಂದು ಓದಿ, ದನಿ ಒಂದಿಷ್ಟೂ ತಗ್ಗಿಸದೆ, ಅವಳು ನೇರ ಮುಂದಿನ ಪ್ಯಾರಾಕ್ಕೆ ಹೋದಳು. ಹಾಗೆ ಹಾರುವುದು ಅವಳಿಗೆ ಈಗ ಅಭ್ಯಾಸವಾಗಿತ್ತು.

“ಒಂದು ಸಾಲು ಬಿಟ್ಟೆ,” ಎಂದಳು ಆದಿಲಕ್ಷ್ಮಮ್ಮ.

ಏನಿಲ್ಲಮ್ಮ, ಬೇಡದ್ದು, ಸೋಡಾ ಸುದ್ದಿ ಎಂದಳು ತನುಜ. ಅಮ್ಮ ಅವಳ ಮುಖವನ್ನೇ ನೋಡಿದಳು.

“ಆಫೀಸಿನ ಹಾಲಲ್ಲಿ ಎರಡು ಸಲ ಕೇಳಿದೀನಿ ಕಣೇ. ನೀನು ಪುಸ್ತಕದಲ್ಲಿ ಬಿಟ್ಟಿದ್ದೂ ಗೊತ್ತು, ಗಂಗರಾಜು ಓದಿ ಹೇಳ್ದ. ಪೋನೀ ಬಿಡು, ಅದು ಅವ್ರ ಪುಸ್ತಕ, ಅವ್ರಿಗೆ ಹೆಂಗೆ ಬೇಕೋ ಹಂಗೆ ಇಟ್ಕೊಳ್ಳಿ. ಇದು ನಮ್ಮನೆ ಕಾಗದ. ಬರೆದೋರಿಗಿಲ್ಲದ ನಾಚಿಕೆ ನಿಂಗ್ಯಾಕೆ? ಓದು.”

ತನುಜ ಬೆರಳಿಟ್ಟು ಬಿಟ್ಟಿದ್ದ ಸಾಲನ್ನು ಹುಡುಕಿದಳು. ಕಾರ್ಖಾನೆಯ ಹಿಂಭಾಗದಲ್ಲಿ ಬಹುಕಾಲದಿಂದ ನೆಲೆಸಿರುವ ಎಂದು ಶುರುಮಾಡಿ, ನೆರಳಾಗಲೀ ಎಂಬಲ್ಲಿ ನಿಂತಳು. ಅಮ್ಮ ಅವಸರ ಮಾಡಲಿಲ್ಲ. ಕಾಲಿನ ಮೇಲೆ ಕಾಲು ಹಾಕಿಕೊಂಡು, ಮಗಳು ಆ ಸಾಲನ್ನು ಓದಿ ಮುಗಿಸುವವರೆಗೂ ಕಾದಳು.